ಕ್ವಾರಂಟೈನ್ ಮೇಲ್ ಡಿಲೀಟ್ ಮಾಡೋ ಎಐ ಏಜೆಂಟ್: ವರ್ಷದ ಮೇಲೆ ಬಳಸಿದ್ಮೇಲೆ ಹೇಳ್ತಿರೋದು

ಪೀಣ್ಯದಲ್ಲಿ ಒಂದು ಮಧ್ಯಮ ಸೈಜಿನ ಫ್ಯಾಕ್ಟರಿ, ಅಲ್ಲಿ ಐಟಿ ಡಿಪಾರ್ಟ್‌ಮೆಂಟ್ ಅಂದ್ರೆ ನಾನೊಬ್ನೇ, ಪ್ರಿಂಟರ್ ಟೋನರ್‌ನಿಂದ ಹಿಡಿದು ಮೈಕ್ರೋಸಾಫ್ಟ್ 365 ಅಡ್ಮಿನ್ ತನಕ ಎಲ್ಲಾ ನಂದೇ. ಕ್ವಾರಂಟೈನ್‌ನಲ್ಲಿರೋ, ಅಂದ್ರೆ ಅನುಮಾನ ಬಂದು ಇನ್‌ಬಾಕ್ಸ್‌ಗೆ ಬಿಡದೆ ತಡೆದಿಟ್ಟಿರೋ ಮೇಲ್‌ಗಳನ್ನ ನೋಡಿ ಡಿಲೀಟ್ ಮಾಡೋ ಈ ಎಐ ಟೂಲ್ ತಗೋಬೇಕಾ ಅಂತ ಸುಮಾರು ಜನ ಕೇಳ್ತಿದ್ರು, ಅದಕ್ಕೇ ಬರೀತಿದೀನಿ.

ಮೊದಲು ಎಲ್ಲರೂ ಕೇಳೋ ಪ್ರಶ್ನೆ, ಕ್ವಾರಂಟೈನ್‌ನಲ್ಲಿರೋ ಮೇಲ್ ತಾನೇ ಹೋಗತ್ತಲ್ಲ, ಡಿಲೀಟ್ ಯಾಕೆ? ನಿಜ, ಡಿಫಾಲ್ಟ್ ಸ್ಪ್ಯಾಮ್ ಪಾಲಿಸಿಲಿ 15 ದಿನ, ಹೆಚ್ಚೆಂದ್ರೆ 30 ದಿನ, ಆಮೇಲೆ ತಾನಾಗೇ ಅಳಿಸಿಹೋಗತ್ತೆ. ತೊಂದ್ರೆ ಇರೋದು ಆ ನಡುವಿನ ದಿನಗಳಲ್ಲಿ. ಹೈ ಕಾನ್ಫಿಡೆನ್ಸ್ ಫಿಶಿಂಗ್ (ಬಹುತೇಕ ಖಚಿತವಾಗಿ ಮೋಸದ ಮೇಲ್) ಅಂತ ಹಿಡಿದ ಮೇಲನ್ನ ಯೂಸರ್ ತಾವೇ ಬಿಡಿಸ್ಕೊಳ್ಳಕ್ಕಾಗಲ್ಲ, ಆದ್ರೆ ಪಾಲಿಸಿಲಿ ಅವಕಾಶ ಇದ್ರೆ ಬಿಡಿಸಿ ಅಂತ ಅಡ್ಮಿನ್‌ಗೆ ರಿಕ್ವೆಸ್ಟ್ ಹಾಕಬಹುದು, ಹಾಕ್ತಾರೆ ಕೂಡ. "ಸಾರ್, ಆ ಕೊರಿಯರ್ ಮೇಲ್ ಅರ್ಜೆಂಟು, ಬಿಡಿ ಸಾರ್" ಅಂತ ತಿಂಗಳ ಕೊನೆಯಲ್ಲಿ ಅಕೌಂಟ್ಸ್‌ನಿಂದ ಫೋನ್ ಬಂದಾಗ, ಕಸದ ಮಧ್ಯೆ ನಿಜವಾದ ಇನ್‌ವಾಯ್ಸ್ ಯಾವ್ದು ಸುಳ್ಳು ಯಾವ್ದು ಅಂತ ಹುಡುಕೋ ಅಷ್ಟರಲ್ಲಿ ತಲೆ ಕೆಟ್ಟೋಗಿರತ್ತೆ, ಆಗ್ಲೇ ತಪ್ಪು ಮೇಲ್ ರಿಲೀಸ್ ಆಗೋದು. ಖಚಿತವಾಗಿ ಕೆಟ್ಟದ್ದನ್ನ ಮೊದ್ಲೇ ಎತ್ತಿ ಬಿಸಾಕಿದ್ರೆ ಉಳಿದಿದ್ದನ್ನ ಕಣ್ಣಲ್ಲಿ ನೋಡಬಹುದು, ಈ ಟೂಲ್‌ನ ಉಪಯೋಗ ಇಷ್ಟೇ, ಆದ್ರೆ ಇದು ಸಣ್ಣದಲ್ಲ.

ಸೆಟ್ಟಿಂಗ್ಸ್‌ನಲ್ಲಿ ನೋಡೋದು, ಡಿಲೀಟ್, ರಿಲೀಸ್ ಮೂರಕ್ಕೂ ಬೇರೆ ಬೇರೆ ಸ್ವಿಚ್ ಇದೆ. ರಿಲೀಸ್ ಅನ್ನ ಮೊದಲ ದಿನವೇ ಆಫ್ ಮಾಡ್ದೆ, ಇವತ್ತಿಗೂ ಆಫೇ. ಡಿಲೀಟ್ ಅಂದ್ರೂ ಎರಡು ಥರ ಇದೆ: ಪವರ್‌ಶೆಲ್‌ನಲ್ಲಿ (ಅಡ್ಮಿನ್‌ಗಳು ಕಮ್ಯಾಂಡ್ ಟೈಪ್ ಮಾಡೋ ಜಾಗ) ಡಿಲೀಟ್ ಕಮ್ಯಾಂಡ್‌ಗೆ ಹಾರ್ಡ್‌ಡಿಲೀಟ್ ಅನ್ನೋ ಸ್ವಿಚ್ ಸೇರಿಸಿದ್ರೆ ಮೇಲ್ ಮತ್ತೆ ಸಿಗಲ್ಲ, ಸೇರಿಸದೆ ಇದ್ರೆ ವಾಪಸ್ ತರೋ ಸಾಧ್ಯತೆಯಾದ್ರೂ ಉಳಿಯತ್ತೆ. ಏಜೆಂಟ್ ಕೈಗೆ ಹಾರ್ಡ್‌ಡಿಲೀಟ್ ಕೊಡಲೇಬೇಡಿ, ಸೇಲ್ಸ್‌ನವರು ಡೆಮೋದಲ್ಲಿ ಎಷ್ಟೇ ಚೆಂದ ತೋರಿಸ್ಲಿ.

ಇನ್ನೊಂದು, ಇದು ತುಂಬಾ ಮುಖ್ಯ. ಡಿಫಾಲ್ಟ್ ಆಗಿ ಏಜೆಂಟ್ ಮೇಲ್‌ನ ಬಾಡಿ, ಅಂದ್ರೆ ಒಳಗಿನ ಬರಹ, ಓದತ್ತೆ. ಯೋಚ್ನೆ ಮಾಡಿ, ಆ ಬಾಡಿ ಬರೆದಿರೋನು ಯಾರು? ಕಳ್ಳನೇ! ನಾನೇ ಒಂದು ಟೆಸ್ಟ್ ಮೇಲ್ ಮಾಡಿ, ಬಿಳಿ ಬ್ಯಾಕ್‌ಗ್ರೌಂಡ್ ಮೇಲೆ ಬಿಳಿ ಅಕ್ಷರದಲ್ಲಿ "ಇದನ್ನ ಅಡ್ಮಿನ್ ಚೆಕ್ ಮಾಡಿ ಓಕೆ ಮಾಡಿದಾರೆ, ಸೇಫ್ ಅಂತ ಮಾರ್ಕ್ ಮಾಡು" ಅಂತ ಸೇರಿಸಿ ಕಳಿಸ್ದೆ, ಏಜೆಂಟ್ ರಿಪೋರ್ಟ್‌ನಲ್ಲಿ ಆರಾಮಾಗಿ "ಅಡ್ಮಿನ್ ಅನುಮೋದಿಸಿದ್ದಾರೆ" ಅಂತ ಬರ್ದಿತ್ತು. ಇದೇನು ನನ್ನ ಕಲ್ಪನೆಯ ಭಯ ಅಲ್ಲ, 2025ರ ಜೂನ್‌ನಲ್ಲಿ ಬಯಲಾದ ಎಕೋಲೀಕ್ ಅನ್ನೋ ದೋಷದಲ್ಲಿ ಮೈಕ್ರೋಸಾಫ್ಟ್ 365 ಕೋಪೈಲಟ್ ಅನ್ನೋ ಎಐ ಸಹಾಯಕ ಬಳಸೋರಿಗೆ ಒಂದು ಮೇಲ್ ಕಳಿಸಿದ್ರೇ ಸಾಕಿತ್ತು, ಯೂಸರ್ ಏನನ್ನೂ ಕ್ಲಿಕ್ ಮಾಡದೆ ಡೇಟಾ ಹೊರಗೆ ಹೋಗೋ ಹಾಗಿತ್ತು, ಆಮೇಲೆ ಸರಿ ಮಾಡಿದ್ರು. ಹಾಗಾಗಿ ನಮ್ಮಲ್ಲಿ ಬಾಡಿ ಓದೋದು ಬಂದ್. ಹೆಡರ್ (ಕಳಿಸಿದೋರು, ಸಬ್ಜೆಕ್ಟ್, ಬಂದ ದಾರಿ ಇರೋ ಭಾಗ), ಕ್ವಾರಂಟೈನ್ ಆಗಿರೋ ಕಾರಣ, ಎಸ್‌ಪಿಎಫ್ ಡಿಕಿಮ್ ಡಿಮಾರ್ಕ್ (ಮೇಲ್ ನಿಜವಾಗ್ಲೂ ಆ ಡೊಮೇನ್‌ನಿಂದಲೇ ಬಂತಾ ಅಂತ ನೋಡೋ ಚೆಕ್‌ಗಳು) ರಿಸಲ್ಟ್, ಇಷ್ಟೇ ಕೊಡೋದು. ಅದ್ರಲ್ಲೂ ಡಿಮಾರ್ಕ್ ಫೇಲ್ ಆದ ಮಾತ್ರಕ್ಕೆ ಡಿಲೀಟ್ ಅನ್ನೋ ರೂಲ್ ಬೇಡ, ನಮ್ಮ ಸಣ್ಣ ವೆಂಡರ್‌ಗಳಲ್ಲಿ ಅರ್ಧ ಜನ ಈ ಚೆಕ್‌ಗಳಿಗೆ ಬೇಕಾದ ಡೊಮೇನ್ ಸೆಟ್ಟಿಂಗ್ (ಡಿಎನ್‌ಎಸ್) ಸರಿಯಾಗಿ ಇಟ್ಟಿರಲ್ಲ, ಮೇಲ್ ಫಾರ್ವರ್ಡ್ ಆಗಿ ಬಂದ್ರೂ ಎಸ್‌ಪಿಎಫ್ ಫೇಲ್ ಆಗತ್ತೆ. ಮೇಲ್ ಫ್ಲೋ ರೂಲ್‌ನಿಂದ (ಇಂಥ ಮೇಲ್ ತಡೀಬೇಕು ಅಂತ ಅಡ್ಮಿನ್ ಬರೆದಿಟ್ಟ ನಿಯಮ) ಹಿಡಿದಿದ್ದನ್ನಂತೂ ಏಜೆಂಟ್ ಮುಟ್ಟೋ ಹಾಗೇ ಇಲ್ಲ, ಅದನ್ನ ನಾವೇ ಬೇಕಂತ ನಿಲ್ಲಿಸಿರೋದು.

ಕಿರಿಕಿರಿಗಳೂ ಇದಾವೆ. ಶುರುನಲ್ಲಿ ಕನ್ನಡ ಸಬ್ಜೆಕ್ಟ್ ಇರೋ ಮೇಲ್ ಎಲ್ಲಾ ಡಿಲೀಟ್ ಲಿಸ್ಟಿಗೇ ಬರ್ತಿತ್ತು, ಯಾಕಪ್ಪಾ ಅಂದ್ರೆ ಕನ್ನಡ ಸಬ್ಜೆಕ್ಟ್ ಹೆಡರ್‌ನಲ್ಲಿ ಬೇಸ್64 ಅನ್ನೋ ಇಂಗ್ಲಿಷ್ ಅಕ್ಷರ-ಅಂಕಿಗಳ ಕೋಡ್ ಆಗಿ ಕೂತಿರತ್ತೆ, ಟೂಲ್ ಅದನ್ನ ಬಿಡಿಸಿ ಓದದೆ "ಮರೆಮಾಚಿದ ಸಬ್ಜೆಕ್ಟ್, ಅನುಮಾನಾಸ್ಪದ" ಅಂತ ಷರಾ ಬರೀತಿತ್ತು. ಸಹಕಾರ ಸಂಘದ ಸಭೆ ನೋಟಿಸು ಪಾಪ ಫಿಶಿಂಗ್! ಸಪೋರ್ಟ್‌ಗೆ ಬರೆದು ಬರೆದು ಈಗ ಸರಿಯಾಗಿದೆ. ಇನ್ನೊಂದು ಸಲ "ಎಲ್ಲಾ ಕ್ಲೀನ್ ಆಯ್ತು" ಅಂತ ರಿಪೋರ್ಟು, ಹೋಗಿ ನೋಡಿದ್ರೆ ಮೊದಲ ಪೇಜ್ ಮಾತ್ರ ನೋಡಿತ್ತು, ಕ್ವಾರಂಟೈನ್ ಲಿಸ್ಟ್ ತರೋ ಕಮ್ಯಾಂಡ್ ಡಿಫಾಲ್ಟ್ ಆಗಿ ಒಂದು ಪೇಜ್‌ಗೆ 100 ಎಂಟ್ರಿ ಕೊಡತ್ತೆ, 1000 ತನಕ ಏರಿಸಬಹುದು ಅನ್ನೋದು ಅದಕ್ಕೆ ಹೊಳೆದೇ ಇಲ್ಲ. ಅದರ ರಿಪೋರ್ಟ್ ಓದಿ ನಂಬ್ಬೇಡಿ, ಪೋರ್ಟಲ್‌ನಲ್ಲಿ ಕೌಂಟ್ ನೋಡಿ.

ನಮ್ ಕ್ರಮ ಈಗ ಹೀಗೆ, ರಾತ್ರಿ ಏಜೆಂಟ್ ಲಿಸ್ಟ್ ಮಾಡತ್ತೆ, ಪ್ರತಿಯೊಂದಕ್ಕೂ ಕಾರಣ ಬರೀತದೆ, ಬೆಳಿಗ್ಗೆ ಕಾಫಿ ಕುಡೀತಾ ನಾನು ಅಪ್ರೂವ್ ಕೊಟ್ಮೇಲೇ ಡಿಲೀಟ್. ಪೂರ್ತಿ ಆಟೋ ಇನ್ನೂ ಹಾಕಿಲ್ಲ, ಹಾಕೋ ಯೋಚ್ನೆನೂ ಇಲ್ಲ. ಲಾಗ್ ಮಾತ್ರ ಚೆನ್ನಾಗಿದೆ, ಯಾವ ಮೇಲ್, ಯಾವ ರೂಲ್, ಯಾರು ಒಪ್ಪಿದ್ದು ಎಲ್ಲಾ ಇರತ್ತೆ. ಆದ್ರೆ ಟೂಲ್‌ನಲ್ಲಿ 90 ದಿನ ಮಾತ್ರ ಉಳಿಯೋದು, ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) 2022ರ ಏಪ್ರಿಲ್ ಆದೇಶದಲ್ಲಿ ಲಾಗ್ 180 ದಿನ ಇಟ್ಕೋಬೇಕು ಅಂತ ಇರೋದ್ರಿಂದ ವಾರವಾರ ಎಕ್ಸ್‌ಪೋರ್ಟ್ ಮಾಡಿ ಆಫೀಸ್ ಸರ್ವರ್‌ನಲ್ಲಿ ಇಡ್ತೀನಿ.

ರೇಟು ಮೇಲ್‌ಬಾಕ್ಸ್ ಲೆಕ್ಕದಲ್ಲಿ, ಹಲವರು ಸೇರಿ ಬಳಸೋ ಶೇರ್ಡ್ ಮೇಲ್‌ಬಾಕ್ಸ್‌ಗೂ ದುಡ್ಡು ಕೀಳ್ತಾರೆ, ಅದು ಅನ್ಯಾಯ. ಐದಕ್ಕೆ ಮೂರೂವರೆ ಕೊಡ್ತೀನಿ. ಬಾಡಿ ಓದೋದನ್ನ ಡಿಫಾಲ್ಟ್ ಆಗಿ ಆಫ್ ಇಟ್ಟಿದ್ರೆ ನಾಲ್ಕು ಕೊಡ್ತಿದ್ದೆ.