ಹರ್‌2 ಸ್ತನ ಕ್ಯಾನ್ಸರ್: ಡಾಕ್ಸೊರುಬಿಸಿನ್ ಇರುವ ಕಿಮೋನಾ, ಇಲ್ಲದ್ದಾ?

ಹರ್‌2 ಎಂಬ ಪ್ರೋಟೀನ್ ಹೆಚ್ಚಾಗಿರುವ ಸ್ತನ ಕ್ಯಾನ್ಸರ್ ಇದು. ಆ ಪ್ರೋಟೀನನ್ನೇ ಗುರಿ ಮಾಡುವ ಔಷಧಿ ಟ್ರಾಸ್ಟುಜುಮ್ಯಾಬ್ ಹೇಗೂ ಇರುತ್ತದೆ. ಅದರ ಜೊತೆಗೆ ಕೊಡುವ ಕಿಮೋದಲ್ಲಿ ಡಾಕ್ಸೊರುಬಿಸಿನ್ ಬೇಕಾ ಬೇಡ್ವಾ ಅನ್ನೋದೇ ನಿಮ್ಮ ಪ್ರಶ್ನೆ, ಅಲ್ವಾ?

ಮೊದಲು ಹೃದಯ. ಡಾಕ್ಸೊರುಬಿಸಿನ್ ಹೃದಯದ ಸ್ನಾಯು ಕೋಶಗಳನ್ನೇ ಕೊಲ್ಲಬಲ್ಲದು. ಡೋಸ್ ಕೂಡುತ್ತಾ ಹೋದಂತೆ ಅಪಾಯವೂ ಜಾಸ್ತಿ. ಟ್ರಾಸ್ಟುಜುಮ್ಯಾಬ್‌ನಿಂದ ಕುಗ್ಗಿದ ಪಂಪಿಂಗ್ ಶಕ್ತಿ, ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟ 2001ರ ಅಧ್ಯಯನದಲ್ಲಿ ಶೇ. 27 ಮಂದಿಗೆ ಹೃದಯದ ತೊಂದರೆ ಕಂಡಿತು. ಅದಕ್ಕೇ ಈಗ ಸಾಮಾನ್ಯವಾಗಿ ಒಂದಾದ ಮೇಲೆ ಒಂದು ಕೊಡುತ್ತಾರೆ. ಹಾಗೆ ಕೊಟ್ಟಾಗ 2011ರ ದೊಡ್ಡ ಅಧ್ಯಯನದಲ್ಲಿ ಹೃದಯ ವೈಫಲ್ಯ ಶೇ. 2. ಅದೇ ಅಧ್ಯಯನದಲ್ಲಿ ಡಾಕ್ಸೊರುಬಿಸಿನ್ ಇಲ್ಲದ ಕಿಮೋ, ಅಂದರೆ ಡೊಸಿಟ್ಯಾಕ್ಸೆಲ್, ಕಾರ್ಬೊಪ್ಲಾಟಿನ್ ಜೋಡಿಯನ್ನು ಟ್ರಾಸ್ಟುಜುಮ್ಯಾಬ್ ಜೊತೆ ಕೊಟ್ಟಾಗ ಶೇ. 0.4 ಮಾತ್ರ.

ಹಾಗಾದರೆ ಕ್ಯಾನ್ಸರ್ ಹತೋಟಿ? ಅದೇ ಅಧ್ಯಯನದಲ್ಲಿ 5 ವರ್ಷ ರೋಗವಿಲ್ಲದೆ ಉಳಿದವರು ಡಾಕ್ಸೊರುಬಿಸಿನ್ ಇದ್ದಾಗ ಶೇ. 84, ಇಲ್ಲದಾಗ ಶೇ. 81. ಅಂತರ ಸಣ್ಣದು. ಇದೊಂದರ ಮೇಲೆ ಸುಮ್ನೆ ತೀರ್ಮಾನ ಬೇಡ.

ಕಾರ್ಬೊಪ್ಲಾಟಿನ್‌ನಲ್ಲಿ ಪ್ಲೇಟ್‌ಲೆಟ್ ಕುಸಿತ, ರಕ್ತಹೀನತೆಯ ಕಾಟ ಇದೆ.

ವಯಸ್ಸಾಗಿದೆ, ಬಿಪಿ ಇದೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಈಗಾಗಲೇ ಕಡಿಮೆ ಅಂದರೆ ಡಾಕ್ಸೊರುಬಿಸಿನ್ ಇಲ್ಲದ ದಾರಿಯೇ ನನಗೆ ಸರಿ ಕಾಣುತ್ತದೆ. ಹೃದಯ ಗಟ್ಟಿಯಿದ್ದು ಕ್ಯಾನ್ಸರ್ ಮರಳುವ ಅಪಾಯ ಹೆಚ್ಚಿದ್ದರೆ ವೈದ್ಯರು ಡಾಕ್ಸೊರುಬಿಸಿನ್ ಸೂಚಿಸಬಹುದು, ಚರ್ಚಿಸಿ. ಯಾವುದೇ ಆದರೂ ಸುಮಾರು 3 ತಿಂಗಳಿಗೊಮ್ಮೆ ಎಕೋ ತಪ್ಪಿಸಬೇಡಿ.