ಭೋಸರಿಯ ಗಾಳಾದಿಂದ ಲಿಂಕ್ಡ್‌ಇನ್‌ಗೆ: ಒಂದೇ ವಿಡಿಯೊ, ನಾಲ್ಕು ದಾರಿ

ಪುಣೆಯ ಭೋಸರಿ, ಚಾಕಣ ಎಂಐಡಿಸಿ ಕೈಗಾರಿಕಾ ಪ್ರದೇಶಗಳ ಗಾಳಾಗಳಲ್ಲಿ (ಸಣ್ಣ ಕಾರ್ಖಾನೆ ಶೆಡ್ಡುಗಳಲ್ಲಿ) ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಿಯಂತ್ರಿತ ಮೆಷಿನ್‌ಗಳ ಜಾಬ್‌ವರ್ಕ್ ಮಾಡುವ ಕನ್ನಡಿಗರು ಈಗ ಮೆಷಿನ್ ಓಡುವ ವಿಡಿಯೊಗಳನ್ನು ಲಿಂಕ್ಡ್‌ಇನ್‌ಗೆ ಹಾಕುತ್ತಿದ್ದಾರೆ. ಹೊಸ ಗಿರಾಕಿ ಹುಡುಕಲು ಒಳ್ಳೆಯ ದಾರಿಯೇ. ಆದರೆ ಹಾಕಿದ ಮೇಲೆ ನೋಡಿದರೆ ಕೂಲಂಟ್ (ಲೋಹ ಕತ್ತರಿಸುವಾಗ ಸುರಿಯುವ ತಂಪು ದ್ರವ) ಮಸಕು ಚೌಕಗಳಾಗಿರುತ್ತದೆ, ಬೆಳಕು ಪಟ್ಟಿ ಪಟ್ಟಿಯಾಗಿ ಸರಿಯುತ್ತಿರುತ್ತದೆ, ‘ಕಾರ್ಖಾನೆ’ ಎಂದು ಬರೆದದ್ದು ‘ಕಾರ್‌ಖಾನೆ’ ಆಗಿರುತ್ತದೆ. ಸೈಟು ಕೆಡಿಸಿತು ಎಂದು ಬೈಯುವವರೇ ಹೆಚ್ಚು. ಹೆಚ್ಚಿನ ಸಲ ಕೆಟ್ಟಿರುವುದು ಅಪ್‌ಲೋಡ್‌ಗೆ ಮೊದಲೇ.

ಅದನ್ನು ಖಚಿತ ಮಾಡಿಕೊಳ್ಳಲು 90 ಸೆಕೆಂಡಿನ ಒಂದೇ ವಿಡಿಯೊವನ್ನು ನಾಲ್ಕು ದಾರಿಯಲ್ಲಿ ತಯಾರಿಸಿ ನೋಡಿದೆವು: ಫೋನಿನಲ್ಲಿ ವಿಎನ್, ಬ್ರೌಸರಿನಲ್ಲಿ ಕ್ಯಾನ್ವಾ, ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಮತ್ತು ಅಡೋಬಿ ಪ್ರೀಮಿಯರ್ ಪ್ರೊ. ವಿಡಿಯೊದಲ್ಲಿರುವುದು ಇಷ್ಟು: ವಿಎಂಸಿಯಲ್ಲಿ (ಲಂಬ ಮಿಲ್ಲಿಂಗ್ ಮೆಷಿನಿನಲ್ಲಿ) ಕೂಲಂಟ್ ಕೆಳಗೆ ಅಲ್ಯೂಮಿನಿಯಂ ಬ್ಲಾಕ್ ಮಿಲ್ಲಿಂಗ್, ಮೈಕ್ರೊಮೀಟರ್ ಹಿಡಿದ ಕೈ, ಕೊನೆಗೆ ಮಾಲೀಕರ ಎರಡು ಮಾತು.

ಮೊದಲು ಸೈಟಿನ ಮಿತಿಗಳು. ಸಾಮಾನ್ಯ ಪೋಸ್ಟಿಗೆ ಕಡತ 5 ಜಿಬಿ ಮೀರಬಾರದು. ಉದ್ದ ಕನಿಷ್ಠ 3 ಸೆಕೆಂಡ್. ಕಂಪ್ಯೂಟರಿನಿಂದಾದರೆ 15 ನಿಮಿಷ, ಫೋನ್ ಆ್ಯಪ್‌ನಿಂದಾದರೆ 10 ನಿಮಿಷದವರೆಗೆ. ಫ್ರೇಮ್ ದರ ಸೆಕೆಂಡಿಗೆ 10ರಿಂದ 60, ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) 30 ಎಂಬಿಪಿಎಸ್‌ವರೆಗೆ. ಆಪಲ್‌ನ ಪ್ರೊರೆಸ್ ಮಾದರಿಯ ಕಡತ ನಡೆಯುವುದಿಲ್ಲ. ಎಂಪಿ4 ಒಳಗೆ ಎಚ್.264 ವಿಡಿಯೊ, ಎಎಸಿ ಆಡಿಯೊ ಇಟ್ಟರೆ ತಕರಾರೇ ಇಲ್ಲ. ಐಫೋನಿನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದು 4ಕೆ 30 ಫ್ರೇಮಿನಲ್ಲಿ ತೆಗೆದರೆ ನಿಮಿಷಕ್ಕೆ ಸುಮಾರು 350 ಎಂಬಿ ಆಗುತ್ತದೆ. ಅಂದರೆ 46 ಎಂಬಿಪಿಎಸ್‌ಗೂ ಮೇಲೆ. ಕ್ಯಾಮೆರಾದ ಕಡತವನ್ನು ಹಾಗೇ ಎತ್ತಿ ಹಾಕಬಾರದು ಎನ್ನುವುದಕ್ಕೆ ಈ ಒಂದು ಲೆಕ್ಕ ಸಾಕು.

ನಾಲ್ಕರಲ್ಲಿ ಯಾವ ಸಾಫ್ಟ್‌ವೇರೂ ಸರಿಪಡಿಸಲಾಗದ ದೋಷವೊಂದಿದೆ: ಬೆಳಕಿನ ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್. ಗಾಳಾದ ಟ್ಯೂಬು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಪೂರ್ತಿ ಮಿನುಗು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಫೋನನ್ನು ಆಟೊದಲ್ಲಿ ಬಿಟ್ಟರೆ ಅದು 1/120ಕ್ಕೋ 1/250ಕ್ಕೋ ಹಾರುತ್ತದೆ. ಆಂಡ್ರಾಯ್ಡ್‌ನ ಪ್ರೊ ವಿಡಿಯೊ ಮೋಡ್‌ನಲ್ಲಿ ಶಟರ್ ಕಟ್ಟಿಹಾಕಿ. ಐಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಶೋ ಪ್ಯಾಲ್ ಫಾರ್ಮ್ಯಾಟ್ಸ್’ ಆನ್ ಮಾಡಿದರೆ 25 ಫ್ರೇಮ್ ಆಯ್ಕೆ ಸಿಗುತ್ತದೆ. ಅಲ್ಲೇ ಎಚ್‌ಡಿಆರ್ ವಿಡಿಯೊ ಆಫ್ ಮಾಡಿ, ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಬಣ್ಣ ತೊಳೆದಂತಾಗುತ್ತದೆ.

ಮೆಷಿನಿಂಗ್ ತೋರಿಸುವವರಿಗೆ ಇನ್ನೊಂದು ಮಾತು. ಸ್ಪಿಂಡಲ್ 3000 ಆರ್‌ಪಿಎಂನಲ್ಲಿದ್ದರೆ ಸೆಕೆಂಡಿಗೆ 50 ಸುತ್ತು. 25 ಫ್ರೇಮಿನಲ್ಲಿ ಪ್ರತಿ ಫ್ರೇಮಿಗೆ ಸರಿಯಾಗಿ ಎರಡು ಸುತ್ತು. ಶಟರ್ ವೇಗವಾಗಿದ್ದರೆ ಟೂಲ್ ನಿಂತೇ ಇದ್ದು ಲೋಹ ಕತ್ತರಿಸುತ್ತಿರುವಂತೆ ಕಾಣುತ್ತದೆ! 30 ಫ್ರೇಮಿಗೆ ಬದಲಿಸಿದರೂ ಮೂರು ಫ್ಲೂಟಿನ (ಕತ್ತರಿಸುವ ಅಲಗಿನ) ಎಂಡ್‌ಮಿಲ್ ಟೂಲ್ ಹಾಗೇ ನಿಲ್ಲುತ್ತದೆ. ಫ್ರೇಮಿಗೆ ಐದು ಫ್ಲೂಟ್ ಸರಿದು, ಮುಂದಿನದು ಹಿಂದಿನದರ ಜಾಗಕ್ಕೇ ಬಂದಿರುತ್ತದೆ. 1/50 ಶಟರ್ ಇದ್ದರೆ ಒಂದು ಫ್ರೇಮಿನಲ್ಲೇ ಪೂರ್ತಿ ಸುತ್ತು ಬಿದ್ದು, ಟೂಲ್ ತಿರುಗುತ್ತಿದೆ ಎಂದು ಕಣ್ಣಿಗೆ ಒಪ್ಪುತ್ತದೆ.

ಇನ್ನು ಹೋಲಿಕೆ. ವಿಎನ್ ಆ್ಯಪ್ ನಿರೀಕ್ಷೆಗಿಂತ ಚೆನ್ನಾಗಿದೆ. ಎಕ್ಸ್‌ಪೋರ್ಟ್ ಮಾಡುವಾಗ ರೆಸಲ್ಯೂಶನ್, ಫ್ರೇಮ್ ದರ, ಬಿಟ್‌ರೇಟ್ ಮೂರನ್ನೂ ನಾವೇ ಇಡಬಹುದು. ಶೂಟ್ ಮಾಡಿದ ಫೋನಿನಲ್ಲೇ ಕೆಲಸ ಮುಗಿಯುವುದರಿಂದ ಕಡತ ಸಾಗಿಸುವ ತಲೆನೋವಿಲ್ಲ. ಅದರ ಅಂದದ ಫಾಂಟುಗಳಲ್ಲಿ ಕನ್ನಡ ಇಲ್ಲ. ಯಾವುದನ್ನು ಆರಿಸಿದರೂ ಫೋನಿನ ಸಾದಾ ಕನ್ನಡ ಅಕ್ಷರವೇ ಬರುತ್ತದೆ. ಓದಲು ಅಡ್ಡಿಯಿಲ್ಲ. ಕಾಂಪ್ರೆಸರ್ ಸದ್ದಿನ ನಡುವೆ ಮಾತಾಡಿದ್ದನ್ನು ತಿಳಿಯಾಗಿಸುವುದು ಮಾತ್ರ ಇಲ್ಲಿ ಕಷ್ಟ, ಆದ್ದರಿಂದ ಕಾಲರಿಗೆ ಸಿಕ್ಕಿಸುವ ಮೈಕ್ ಇದ್ದರಷ್ಟೇ ಈ ದಾರಿ.

ಕ್ಯಾನ್ವಾ ಈ ಕೆಲಸಕ್ಕೆ ಒಗ್ಗಲಿಲ್ಲ. ಟೈಟಲ್, ಲೋಗೊ, ಫೋನ್ ನಂಬರಿನ ಕೊನೆಯ ಕಾರ್ಡು ಅದರಷ್ಟು ಬೇಗ ಬೇರೆಲ್ಲೂ ಆಗುವುದಿಲ್ಲ, ನಿಜ. ಆದರೆ ಬಿಟ್‌ರೇಟ್ ನಮ್ಮ ಕೈಯಲ್ಲಿಲ್ಲ. ಮಾತಾಡುವ ಮುಖಕ್ಕೆ ಅದು ನಡೆದೀತು; ಕೂಲಂಟಿಗೆ ನಡೆಯದು. ಹನಿ ಹನಿಯೂ ಬೇರೆ ಬೇರೆ ದಿಕ್ಕಿಗೆ ಸಿಡಿಯುವಾಗ ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ವಿಡಿಯೊ ಕುಗ್ಗಿಸುವ ಎನ್‌ಕೋಡರಿಗೆ ಏನೂ ಉಳಿಯುವುದಿಲ್ಲ, ಬಿಟ್ ಸಾಲದೆ ಚೌಕ ಚೌಕ ಮಾಡಿಬಿಡುತ್ತದೆ. ಅಲ್ಲಿ ಟೈಟಲ್ ಕಾರ್ಡು ಮಾತ್ರ ಮಾಡಿಕೊಂಡು ಬೇರೆ ಕಡೆ ಸೇರಿಸುವುದು ಮೇಲು. ಕನ್ನಡಕ್ಕೆ ಟೈಪ್‌ರೈಟರ್ ಥರದ ಅನಿಮೇಶನ್, ಅಕ್ಷರಗಳ ನಡುವಿನ ಅಂತರ ಎರಡನ್ನೂ ಮುಟ್ಟಬೇಡಿ. ಒತ್ತಕ್ಷರ ಚದುರುವುದು ಅಲ್ಲೇ.

ರಿಸಾಲ್ವ್ ಉಚಿತ ಆವೃತ್ತಿ 3840×2160ರವರೆಗೆ ಎಕ್ಸ್‌ಪೋರ್ಟ್ ಕೊಡುತ್ತದೆ, ವಾಟರ್‌ಮಾರ್ಕ್ ಇಲ್ಲ. ನಮ್ಮ ಕೆಲಸಕ್ಕೆ ಇದರಲ್ಲಿ ಸೋಲದ ಒಂದು ಸಂಗತಿಯಿದೆ. ಗಿರಾಕಿಯ ಡ್ರಾಯಿಂಗ್, ಜಾಬ್ ಕಾರ್ಡಿನ ಪಾರ್ಟ್ ನಂಬರ್ ಫ್ರೇಮಿಗೆ ಬಿದ್ದಿದ್ದರೆ ಕಲರ್ ಪೇಜಿನಲ್ಲಿ ಪವರ್ ವಿಂಡೊ ಹಾಕಿ, ಟ್ರ್ಯಾಕ್ ಮಾಡಿ, ಬ್ಲರ್ ಕೊಟ್ಟರೆ ಕ್ಯಾಮೆರಾ ಅಲುಗಿದರೂ ಮುಚ್ಚಿದ್ದು ಮುಚ್ಚಿಯೇ ಇರುತ್ತದೆ. ಡೆಲಿವರ್ ಪೇಜಿನಲ್ಲಿ ಫಾರ್ಮ್ಯಾಟ್ ಎಂಪಿ4, ಕೋಡೆಕ್ ಎಚ್.264, ಕ್ವಾಲಿಟಿಯನ್ನು ‘ರಿಸ್ಟ್ರಿಕ್ಟ್ ಟು’ ಸೆಕೆಂಡಿಗೆ 12000 ಕಿಲೊಬಿಟ್ (12 ಎಂಬಿಪಿಎಸ್) ಎಂದು ಇಡಿ, ನೆಟ್‌ವರ್ಕ್ ಆಪ್ಟಿಮೈಸೇಶನ್ ಟಿಕ್ ಮಾಡಿ. ಯೋಜನೆಯ ಫ್ರೇಮ್ ದರವನ್ನು ಮೊದಲ ಕ್ಲಿಪ್ ಟೈಮ್‌ಲೈನಿಗೆ ಎಳೆಯುವ ಮುಂಚೆಯೇ 25ಕ್ಕೆ ನಿಲ್ಲಿಸಿ. ಆಮೇಲೆ ಬದಲಿಸಲು ಬಿಡುವುದಿಲ್ಲ.

ಫೋನಿನ ಕಡತ ತಂದಾಗ ತುಟಿಗೂ ಮಾತಿಗೂ ಹೊಂದದಿದ್ದರೆ ಕಾರಣ ಬದಲಾಗುವ ಫ್ರೇಮ್ ದರ. ಕಡತವನ್ನು ಮೊದಲು ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪರಿವರ್ತಕ ಸಾಫ್ಟ್‌ವೇರಿಗೆ ಕೊಡಿ: ಎಚ್.264, ಶೂಟ್ ಮಾಡಿದ ಫ್ರೇಮ್ ದರ, ಕಾನ್‌ಸ್ಟಂಟ್ ಫ್ರೇಮ್‌ರೇಟ್, ಗುಣಮಟ್ಟ ಆರ್‌ಎಫ್ 18. ಹೊರಬಂದ ಕಡತ ತುಸು ದಪ್ಪ, ಆದರೆ ಜಾರುವುದಿಲ್ಲ.

ಪ್ರೀಮಿಯರ್‌ನಲ್ಲಿ ಎಕ್ಸ್‌ಪೋರ್ಟ್ ಗುಣಮಟ್ಟ ರಿಸಾಲ್ವ್‌ಗಿಂತ ಕಣ್ಣಿಗೆ ಕಾಣುವಷ್ಟು ಮೇಲಲ್ಲ. ವಿಬಿಆರ್ (ಬದಲಾಗುವ ಬಿಟ್‌ರೇಟ್) 2 ಪಾಸ್, ಟಾರ್ಗೆಟ್ 12, ಮ್ಯಾಕ್ಸಿಮಮ್ 16 ಎಂಬಿಪಿಎಸ್ ಇಟ್ಟರೆ ಸಿಡಿಯುವ ಶಾಟಿಗೆ ಹೆಚ್ಚು, ನಿಂತ ಶಾಟಿಗೆ ಕಡಿಮೆ ಎಂದು ತಾನೇ ಹಂಚುತ್ತದೆ. ಇದರ ನಿಜವಾದ ಗೆಲುವು ಕನ್ನಡದಲ್ಲಿ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನ್ ‘ಸೌತ್ ಏಶಿಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಎಂದು ಬದಲಿಸಿದರೆ ಅರ್ಕಾವೊತ್ತೂ ಒತ್ತಕ್ಷರವೂ ತಮ್ಮ ಜಾಗಕ್ಕೆ ಬರುತ್ತವೆ. ಬದಲಿಸದೆ ‘ಪ್ರೀಮಿಯರ್‌ನಲ್ಲಿ ಕನ್ನಡ ಬರಲ್ಲ’ ಎನ್ನುವವರು ಈ ಒಂದು ಗುಂಡಿ ನೋಡಿರುವುದಿಲ್ಲ. ಪ್ರತಿ ತಿಂಗಳೂ ದುಡ್ಡು ಕಟ್ಟಬೇಕು, ಅದೊಂದೇ ಅಡ್ಡಿ. ತಿಂಗಳಿಗೆ ಎರಡು ವಿಡಿಯೊ ಮಾಡುವ ಗಾಳಾಕ್ಕೆ ಅದು ದಂಡ.

ರಿಸಾಲ್ವ್‌ನಲ್ಲಿ ಶೀರ್ಷಿಕೆ ಒಡೆಯುತ್ತಿದ್ದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಸಾಫ್ಟ್‌ವೇರಿನಲ್ಲಿ ಬರೆದು ಪಾರದರ್ಶಕ ಪಿಎನ್‌ಜಿ ಮಾಡಿ ಮೇಲಿನ ಟ್ರ್ಯಾಕಿನಲ್ಲಿ ಕೂರಿಸಿ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ ಸಾಕು. ದಪ್ಪಕ್ಷರ ಬೇಕಿದ್ದರೆ ಮುಂಬೈನ ಏಕ್ ಟೈಪ್ ಮಾಡಿದ ಬಾಲೂ ತಮ್ಮ, ಅನೇಕ್ ಕನ್ನಡ ಇವೆ, ಎರಡೂ ಉಚಿತ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಯಾವ ಸಾಫ್ಟ್‌ವೇರ್ ಆದರೂ ‘ಯಂತ್ರ, ಕಾರ್ಖಾನೆ, ಕ್ಷಮತೆ, ವಸ್ತ್ರ’ ಎಂದು ನಾಲ್ಕು ಪದ ಬರೆದು ಎಕ್ಸ್‌ಪೋರ್ಟ್ ಮಾಡಿ ನೋಡಿದರೆ ಸತ್ಯ ಗೊತ್ತಾಗುತ್ತದೆ.

ಫೀಡಿನಲ್ಲಿ ವಿಡಿಯೊ ಸದ್ದಿಲ್ಲದೆ ಓಡುವುದರಿಂದ ಸಬ್‌ಟೈಟಲ್ ಬೇಕೇ ಬೇಕು. ಕಂಪ್ಯೂಟರಿನಿಂದ ಹಾಕುವಾಗ ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಕಡತ ಸೇರಿಸಬಹುದು. ಅದನ್ನು ಯುಟಿಎಫ್-8ನಲ್ಲೇ ಉಳಿಸಿ. ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ ಆಯ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. ಸೆಕೆಂಡು, ಮಿಲಿಸೆಕೆಂಡುಗಳ ನಡುವೆ ಚುಕ್ಕೆಯಲ್ಲ, ಅಲ್ಪವಿರಾಮ. ಪುಣೆಯ ಖರೀದಿದಾರರಿಗೆ ಇಂಗ್ಲಿಷನ್ನು ಎಸ್‌ಆರ್‌ಟಿಯಲ್ಲಿ ಕೊಟ್ಟು, ಹುಬ್ಬಳ್ಳಿ, ಬೆಳಗಾವಿಯವರಿಗಾಗಿ ಕನ್ನಡವನ್ನು ಚಿತ್ರದಲ್ಲೇ ಅಚ್ಚೊತ್ತಲು ಹೋದರೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಕನ್ನಡವನ್ನು ಮೇಲಿನ ಮೂರನೇ ಒಂದು ಭಾಗದಲ್ಲಿಡಿ. 1080 ಅಗಲದ ಚಿತ್ರದಲ್ಲಿ 56 ಪಿಕ್ಸೆಲ್‌ನ ಅಕ್ಷರ, ಸಾಲಿಗೆ ನಾಲ್ಕೈದು ಪದ. ಎರಡು ಸಾಲಿದ್ದರೆ ನಡುವೆ ಒತ್ತಕ್ಷರಕ್ಕೆ ಜಾಗ ಬಿಡಿ.

ಆಕಾರದಲ್ಲಿ 1080×1350 ನಮಗೆ ಹಿಡಿಸಿತು. ಫೋನಿನ ಪರದೆಯನ್ನು ಅಡ್ಡ ವಿಡಿಯೊಗಿಂತ ಹೆಚ್ಚು ತುಂಬುತ್ತದೆ, ವಿಎಂಸಿಯ ಟೇಬಲ್ಲೂ ಪೂರ್ತಿ ಕಾಣುತ್ತದೆ. ಉದ್ದ ಬೆಡ್ಡಿನ ಲೇತ್ ಆದರೆ 1920×1080ಕ್ಕೇ ಮರಳಿ.

ಬಿಟ್‌ರೇಟನ್ನು 5, 12, 20 ಎಂಬಿಪಿಎಸ್‌ಗಳಲ್ಲಿ ಹಾಕಿ ನೋಡಿದ್ದಾಯಿತು. 90 ಸೆಕೆಂಡಿಗೆ ಕಡತ ಸುಮಾರು 56, 135, 225 ಎಂಬಿ. 5ರಲ್ಲಿ ಕೂಲಂಟ್ ಕೆಟ್ಟಿತು. 12ಕ್ಕೂ 20ಕ್ಕೂ ಪೋಸ್ಟ್ ಆದ ಮೇಲೆ ವ್ಯತ್ಯಾಸ ಕಾಣಲಿಲ್ಲ, ಸೈಟು ಹೇಗೂ ಮತ್ತೆ ಕುಗ್ಗಿಸುತ್ತದೆ. ಮೈಕ್ರೊಮೀಟರಿನ ಗೆರೆಗಳು 12ರಲ್ಲೇ ಓದುವಂತಿದ್ದವು. ಆಡಿಯೊ 48 ಕಿಲೊಹರ್ಟ್ಸ್, ಜೋರು -14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಸುತ್ತಮುತ್ತ ಇರಲಿ.

ಮೈಕ್ ಇದ್ದು, ಮುಚ್ಚಬೇಕಾದ ಡ್ರಾಯಿಂಗ್ ಇಲ್ಲದಿದ್ದರೆ ವಿಎನ್ ಸಾಕು. ಅಂಥ ಡ್ರಾಯಿಂಗ್ ಇದ್ದರೆ ರಿಸಾಲ್ವ್. ಕನ್ನಡ ಶೀರ್ಷಿಕೆ ದಿನವೂ ಮಾಡುವವರು ಮಾತ್ರ ಪ್ರೀಮಿಯರ್‌ಗೆ ಹೋಗಿ. ಪೋಸ್ಟ್ ಒತ್ತುವ ಮುಂಚೆ ಎಕ್ಸ್‌ಪೋರ್ಟ್ ಆದ ಕಡತವನ್ನೇ ಫೋನಿನಲ್ಲಿ ಸದ್ದಿಲ್ಲದೆ ಒಮ್ಮೆ ಕೊನೆತನಕ ನೋಡಿ: ಪೋಸ್ಟಿನ ಬರಹವನ್ನು ಆಮೇಲೂ ತಿದ್ದಬಹುದು, ವಿಡಿಯೊ ಬದಲಿಸಲಾಗದು, ಅಳಿಸಿ ಹೊಸದಾಗಿ ಹಾಕಿದರೆ ಬಂದ ಕಾಮೆಂಟುಗಳೂ ಹೋಗುತ್ತವೆ.