ಸಿಲ್ವರ್ ಕಾರಿಗೆ ಟಚ್-ಅಪ್ ಮಾಡಿಸುವವರೇ, ಪುಣೆಯಲ್ಲಿ ನನಗಾದದ್ದು ಓದಿ

ಪಿಂಪ್ರಿ, ಚಿಂಚವಡ ಕಡೆ ಇರುವ ನಮ್ಮ ಜನರೆಲ್ಲ ದಯವಿಟ್ಟು ಓದಿ. ಒಂದು ಗೀರಿಗೆ ಬಣ್ಣ ಹಚ್ಚಿ ಕೊಡಿ ಅಂದದ್ದಕ್ಕೆ ಇಡೀ ಬಾಗಿಲು ಕೆಡಿಸಿ ಕಳಿಸಿದ್ದಾರೆ. ಇನ್ನೂ ಸಿಟ್ಟು ಇಳಿದಿಲ್ಲ.

ನನ್ನದು ಮಾರುತಿ, ಸಿಲ್ಕಿ ಸಿಲ್ವರ್. ಸೊಸೈಟಿ ಪಾರ್ಕಿಂಗ್‌ನಲ್ಲಿ ಯಾರೋ ಬೈಕ್ ತಾಗಿಸಿ ಹಿಂದಿನ ಬಾಗಿಲಿಗೆ ಗೇಣುದ್ದ ಗೀರು ಎಳೆದಿದ್ದರು. ಉಗುರಾಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು, ಒಳಗಿನ ಪ್ರೈಮರ್ ಕಾಣುತ್ತಿತ್ತು. ರಬ್ಬಿಂಗ್ ಕಾಂಪೌಂಡಿಗೆ ಹೋಗುವಂಥದ್ದಲ್ಲ. ಮಳೆ ಶುರುವಾಗುವ ಮೊದಲು ಮುಚ್ಚಿಸೋಣ ಅಂತ ಹೋದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಅಂಗಡಿಯವನೇ ಹತ್ತಿರ ಬಂದ. "ನಮ್ಮ ಕಡೆಯೋರು ಅದೀರಿ ಅಣ್ಣಾರ, ಚಿಂತಿ ಮಾಡಬ್ಯಾಡ್ರಿ. ಕೋಡ್ ಹಾಕಿ ಕಂಪ್ಯೂಟರ್‌ನ್ಯಾಗ ಕಲರ್ ಕೂಡಸ್ತೀನಿ. ಎಲ್ಲಿ ಹಚ್ಚೇವಿ ಅಂತ ನಿಮಗೂ ಗೊತ್ತಾಗಂಗಿಲ್ಲ." ಝಡ್2ಎಸ್ ಅಂತ ಕಂಪನಿಯ ಬಣ್ಣದ ಕೋಡ್ ಬರೆದುಕೊಟ್ಟೆ. ಕ್ಲಿಯರ್ ಕೋಟ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಸೇರಿ 4,000 ರೂಪಾಯಿ ಅಂದ. ಕೊಟ್ಟೆ.

ಗಾಡಿ ಕೊಟ್ಟದ್ದು ಕತ್ತಲಾದ ಮೇಲೆ, ಟ್ಯೂಬ್‌ಲೈಟ್ ಕೆಳಗೆ. ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಬಿಸಿಲಿಗೆ ತೆಗೆದರೆ ಬಾಗಿಲ ನಡುವೆ ಕಪ್ಪು ತಿರುಗಿದ ಮಬ್ಬು ಪಟ್ಟೆ, ಕಿಟಕಿಯ ರಬ್ಬರ್ ಮೇಲೂ ಬಣ್ಣದ ಧೂಳು. ಎದುರು ಮನೆಯ ಅಜ್ಜ "ಕಾಯ್ ಝಾಲಂ (ಏನಾಯ್ತು), ಆಕ್ಸಿಡೆಂಟ್?" ಅಂತ ಕೇಳಿದರು. ನೆಲ ಬಾಯ್ಬಿಡಬಾರದೇ ಅನ್ನಿಸಿತು.

ವಾಪಸ್ ಹೋದೆ. ಮೊದಲು "ಮೆಟಾಲಿಕ್ ಅಂದ್ರ ಹಿಂಗ ಇರ್ತೈತ್ರಿ" ಅಂದ. ಆಮೇಲೆ "ನಿಮ್ಮ ಗಾಡಿ ಹಳೇದೈತಿ, ಕಲರ್ ಮಾಸೇತಿ" ಅಂದ. ಅದೂ ಆದ ಮೇಲೆ "ಎರಡು ತಿಂಗಳು ಬಿಸಿಲಿಗೆ ನಿಂತ್ರ ತಾನಾಗೇ ಕೂಡತೈತಿ." ತಾನಾಗೇ ಕೂಡುತ್ತದಂತೆ!

ಅಲ್ಲೇ ಇದ್ದ ಬಟ್ಟೆಗೆ ಥಿನ್ನರ್ ಹಚ್ಚಿ ಅವನ ಎದುರೇ ಪಟ್ಟೆಯ ಮೇಲೆ ಉಜ್ಜಿದೆ. ಬಟ್ಟೆಗೆಲ್ಲ ಸಿಲ್ವರ್ ಬಂತು. "ಥಿನ್ನರ್ ಹಾಕಿದ್ರ ಯಾವ ಪೇಂಟ್ ಆದ್ರೂ ಹೋಗ್ತೈತ್ರಿ" ಅಂದ. ಬಟ್ಟೆ ಮಡಚಿ, ಶುಭ್ರ ಮಗ್ಗುಲಿಗೆ ಥಿನ್ನರ್ ಹಚ್ಚಿ ಮುಂದಿನ ಬಾಗಿಲು ಉಜ್ಜಿದೆ. ಏನೂ ಬರಲಿಲ್ಲ. ಮುಖ ಆಚೆ ತಿರುಗಿಸಿದ. "ಅದು ಕಂಪ್ನಿಯಾಗ ಭಟ್ಟಿಯೊಳಗ ಬೇಯಿಸಿದ್ದು, ಅದಕ್ಕ." ಕಂಪನಿಯಲ್ಲಿ ಬೇಯಿಸುವುದು ನಿಜ, ಆದರೆ ಇದು ಬರೀ ನೆಪ! 2ಕೆ ಕ್ಲಿಯರ್, ಅಂದರೆ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಕ್ಲಿಯರ್, ಹೊಡೆದಿದ್ದರೆ, ಒಣಗಿದ ಮೇಲೆ ಥಿನ್ನರ್ ಬಟ್ಟೆಗೆ ಹಾಗೆ ಕರಗಿ ಬರುವುದಿಲ್ಲ. ಇವನು ಹೊಡೆದದ್ದು ಥಿನ್ನರ್‌ಗೆ ಕರಗುವ ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟು, ಮೇಲೆ ಕ್ಲಿಯರೇ ಇಲ್ಲ. ಕಂಪ್ಯೂಟರ್ ಎಲ್ಲಿ ಅಂದೆ. ಇಲ್ಲ. ಕಲರ್ ಕೂಡಿಸಿದ ಡಬ್ಬಿ ತೋರಿಸು ಅಂದರೆ ಲೇಬಲ್ ಇಲ್ಲದ ಬಾಟಲಿ ತಂದ. ಬರುವ ಎಲ್ಲ ಸಿಲ್ವರ್ ಗಾಡಿಗೂ ಅದೇ ಬಾಟಲಿ! ಕಡೆಗೆ "ಅರ್ಧ ರೊಕ್ಕ ತಗೊಳ್ರಿ, ನಮ್ಮ ಮಂದಿಗೆ ಹೇಳಬ್ಯಾಡ್ರಿ" ಅಂದ. ಕನ್ನಡ ಮಾತಾಡಿ ಮೋಸ ಮಾಡಿದ್ದು ನನಗೆ ದುಡ್ಡಿಗಿಂತ ಹೆಚ್ಚು ಉರಿಯುತ್ತಿದೆ.

ಗಾಡಿ ಬಿಸಿಲಲ್ಲಿ ಮಾಸಿರುವುದು ನಿಜ, ಹಾಗಾಗಿ ಬರೀ ಕೋಡ್ ಸಾಲದು. ಪೆಟ್ರೋಲ್ ಟ್ಯಾಂಕಿನ ಹೊರಗಿನ ಬಣ್ಣದ ಮುಚ್ಚಳ ಬಿಚ್ಚಿಕೊಟ್ಟು ಅದಕ್ಕೆ ಹೊಂದಿಸಲು ಹೇಳಿ. ಸಿಲ್ವರ್‌ನಲ್ಲಿ ಅಲ್ಯೂಮಿನಿಯಂ ಚೂರು ಇರುತ್ತದೆ, ಅದು ಮಲಗುವ ರೀತಿ ಬದಲಾದರೂ ಬಣ್ಣ ಬೇರೆ ಕಾಣುತ್ತದೆ. ಅದಕ್ಕೇ ಬಲ್ಲವರು ಗೀರಿನ ಸುತ್ತ ಬಣ್ಣ ತೆಳುವಾಗಿ ಹರಡಿ, ಕ್ಲಿಯರ್ ಇಡೀ ಬಾಗಿಲಿಗೆ ಹೊಡೆಯುತ್ತಾರೆ. ಮೊದಲು ಒಂದು ರಟ್ಟಿನ ಮೇಲೆ ಹೊಡೆಸಿ, ಕ್ಲಿಯರ್ ಹಾಕಿಸಿ, ಬಿಸಿಲಿಗೆ ಹಿಡಿದು ನೋಡಿ. ಕತ್ತಲಲ್ಲಿ ಗಾಡಿ ತಗೊಳ್ಳಬೇಡಿ. ಬಿಲ್ಲಿನಲ್ಲಿ 2ಕೆ ಅಂತ ಬರೆಸಿ. ಇವನು ಬಿಲ್ಲೇ ಕೊಡಲಿಲ್ಲ.

ಈಗ ಅವನು ಹೊಡೆದದ್ದನ್ನು ಪೂರ್ತಿ ಕಿತ್ತು ತೆಗೆಯಬೇಕಂತೆ, ಎನ್‌ಸಿ ಮೇಲೆ 2ಕೆ ಹೊಡೆದರೆ ಸುಕ್ಕುಗಟ್ಟುತ್ತದೆ. ಅದಕ್ಕೆ ಬೇರೆ ಖರ್ಚು. ಆಕುರ್ಡಿ, ನಿಗಡಿ ಕಡೆ ಕಣ್ಣೆದುರೇ ಬಣ್ಣ ತೂಗಿ ಕೂಡಿಸಿಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ, ಮಳೆಗೆ ಮೊದಲು ಮಾಡಿಸಬೇಕು.